ಬದುಕುಳಿದವರನ್ನು ಯಾವ ರಾಜ್ಯದಲ್ಲಿ ಹೂಳಬೇಕು? ಮುಂಬೈ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಹಂತ ಹಂತವಾದ ಉತ್ತರ

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೊರಟ ಬಸ್ಸು ಸರಿಯಾಗಿ ಎರಡು ರಾಜ್ಯಗಳ ಗಡಿಗೆರೆಯ ಮೇಲೆ ಮಗುಚಿ ಬಿದ್ದರೆ, ಬದುಕುಳಿದವರನ್ನು ಮಹಾರಾಷ್ಟ್ರದಲ್ಲಿ ಹೂಳಬೇಕೋ ಕರ್ನಾಟಕದಲ್ಲೋ? ಮುಂಬೈಯಲ್ಲಿ ಮೂವತ್ತು ವರ್ಷಗಳಿಂದ ವಾಸವಾಗಿರುವ ಮನುಷ್ಯನನ್ನು ಧಾರವಾಡದಲ್ಲಿ ಹೂಳಲು ಕಾನೂನು ಏಕೆ ಒಪ್ಪುವುದಿಲ್ಲ? ಒಬ್ಬಾತ ತನ್ನ ವಿಧವೆಯ ತಂಗಿಯನ್ನು ಮದುವೆಯಾಗಬಹುದೇ? ಈ ಒಗಟುಗಳನ್ನು ಮಕ್ಕಳೂ ಬಲ್ಲರು. ಬದುಕುಳಿದವರನ್ನು ಯಾರೂ ಹೂಳುವುದಿಲ್ಲ, ವಾಸವಾಗಿರುವವನು ಇನ್ನೂ ಸತ್ತಿಲ್ಲ, ಹೆಂಡತಿ ವಿಧವೆಯಾಗಿದ್ದಾಳೆ ಎಂದರೆ ಗಂಡ ಮದುವೆಯಾಗುವ ಸ್ಥಿತಿಯಲ್ಲಿಲ್ಲ.

ಈ ಒಗಟುಗಳಲ್ಲಿ ಕೇಳಿಸಿಕೊಳ್ಳುವವನು ಒಂದೇ ಒಂದು ಪದವನ್ನು ಗಮನಿಸದೆ ದಾಟಿಬಿಡುತ್ತಾನೆ. ಸಾವಿನ ಮನೆಯಲ್ಲಿ ಕಾಗದಪತ್ರಗಳ ವಿಷಯದಲ್ಲಿ ಆಗುವ ತಪ್ಪುಗಳೂ ಬಹುಪಾಲು ಇದೇ ಬಗೆಯವು. ‘ಸರ್ಟಿಫಿಕೇಟು ಸಿಕ್ಕಿದೆ’ ಎಂದಾಗ ಯಾವ ಸರ್ಟಿಫಿಕೇಟು ಎಂದು ಯಾರೂ ಕೇಳುವುದಿಲ್ಲ, ‘ಊರಿನಲ್ಲಿ ಬರೆಸಿದರಾಯಿತು’ ಎಂದಾಗ ಯಾವ ಊರು ಎಂದು ವಿಚಾರಿಸುವುದಿಲ್ಲ. ಹೂಳುವ ಸಂಪ್ರದಾಯವುಳ್ಳ ಕನ್ನಡ ಕುಟುಂಬಗಳಿಂದ, ಅದರಲ್ಲೂ ಲಿಂಗಾಯತ ಕುಟುಂಬಗಳಿಂದ, ಇಂಥ ಪ್ರಶ್ನೆಗಳು ಪದೇ ಪದೇ ಬರುತ್ತಿರುವುದರಿಂದ, ಕೆಲಸ ನಡೆಯಬೇಕಾದ ಕ್ರಮದಲ್ಲೇ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ವೈದ್ಯರ ಕಾಗದ

ಮೊದಲು ಎರಡು ಕಾಗದಗಳ ವ್ಯತ್ಯಾಸವನ್ನು ತಿಳಿದುಕೊಳ್ಳಿ. ಸಾವಿಗೆ ಕಾರಣವೇನೆಂದು ವೈದ್ಯರು ಬರೆದುಕೊಡುವುದು ಒಂದು ಕಾಗದ. ಸಾವು ಆಸ್ಪತ್ರೆಯಲ್ಲಿ ಆಗಿದ್ದರೆ ಅದು ನಮೂನೆ 4, ಮನೆಯಲ್ಲಿ ಆಗಿದ್ದರೆ ನಮೂನೆ 4ಎ. ಸಾವನ್ನು ನೋಂದಾಯಿಸಿದ ಮೇಲೆ ನೋಂದಣಾಧಿಕಾರಿ ಕೊಡುವ ಮರಣ ಪ್ರಮಾಣಪತ್ರವೇ ಬೇರೆ. ಅದು ನಮೂನೆ 6. ಬ್ಯಾಂಕು, ವಿಮೆ, ಪಿಂಚಣಿ, ಹೊಲದ ಖಾತೆ ಎಲ್ಲಕ್ಕೂ ಬೇಕಾಗುವುದು ಎರಡನೆಯದು. ಮೊದಲನೆಯದು ಇಲ್ಲದೆ ಸ್ಮಶಾನದಲ್ಲಿ ಕೆಲಸ ಮುಂದುವರಿಯುವುದಿಲ್ಲ. ಎರಡಕ್ಕೂ ‘ಡೆತ್ ಸರ್ಟಿಫಿಕೇಟು’ ಎಂದೇ ಹೇಳುವ ನಮ್ಮ ರೂಢಿಯಿಂದಾಗಿ, ವೈದ್ಯರ ಕಾಗದವನ್ನು ಜೋಪಾನವಾಗಿ ಲ್ಯಾಮಿನೇಟ್ ಮಾಡಿಸಿಟ್ಟು, ನೋಂದಣಿಯನ್ನೇ ಮರೆತ ಮನೆಗಳಿವೆ.

ಮನೆಯಲ್ಲಿ ಸಾವಾದರೆ, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡುತ್ತಿದ್ದ ವೈದ್ಯರನ್ನು ಕರೆಯಿರಿ. ಜನನ ಮರಣ ನೋಂದಣಿ ಕಾಯ್ದೆ, 1969ರ 10ನೆಯ ಕಲಮಿನ ಪ್ರಕಾರ ಅವರು ಈ ಕಾಗದವನ್ನು ಶುಲ್ಕ ಪಡೆಯದೆ ಕೊಡಬೇಕು. ಮನೆಗೆ ಬಂದು ನೋಡಿದ್ದಕ್ಕೆ ತೆಗೆದುಕೊಳ್ಳುವ ಫೀ ಬೇರೆ ವಿಷಯ. ಗಾಬರಿಯಲ್ಲಿ ಎಷ್ಟೋ ಜನ, ಉಸಿರು ನಿಂತು ಅರ್ಧ ಗಂಟೆಯಾಗಿದೆ ಎಂದು ಗೊತ್ತಿದ್ದೂ, ಆಂಬುಲೆನ್ಸ್ ತರಿಸಿ ದೊಡ್ಡಾಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿ ‘ತರುವಾಗಲೇ ಮೃತ’ ಎಂದು ಬರೆದ ಮೇಲೆ ಪೊಲೀಸರಿಗೆ ತಿಳಿಸುವುದು, ಮರಣೋತ್ತರ ಪರೀಕ್ಷೆಯ ಮಾತು ಇವೆಲ್ಲ ತಾವಾಗಿಯೇ ಬರುತ್ತವೆ. ರೋಗಿಯನ್ನು ಎಂದೂ ನೋಡದ ವೈದ್ಯರು ಕಾರಣ ಬರೆಯಲು ಒಪ್ಪದಿರುವುದು ಅವರ ತಪ್ಪಲ್ಲ. ಜೀವ ಇರಬಹುದೆಂಬ ಅನುಮಾನ ಎಳ್ಳಷ್ಟಿದ್ದರೂ ಆಸ್ಪತ್ರೆಗೇ ಓಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ, ಹತ್ತಿರದ ವೈದ್ಯರೊಬ್ಬರು ಆಗಾಗ ಬಂದು ನೋಡುವಂತೆ ಮಾಡಿ, ಹಳೆಯ ಚೀಟಿಗಳನ್ನೆಲ್ಲ ಒಂದೇ ಕಡತದಲ್ಲಿಡುವುದು ಉತ್ತಮ.

ಕಣ್ಣು ದಾನದ ಇಚ್ಛೆ ಇದ್ದರೆ, ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾಗುವುದರಿಂದ, ಕೂಡಲೇ ನೇತ್ರ ಬ್ಯಾಂಕಿಗೆ ತಿಳಿಸಬೇಕು. ಅದರಿಂದ ಹೂಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಂತ 2: ಪೊಲೀಸರಿಗೆ ತಿಳಿಸಬೇಕಾದ ಸಾವೇ ಎಂದು ನೋಡುವುದು

ಆತ್ಮಹತ್ಯೆ, ಅಪಘಾತ, ಸುಟ್ಟ ಗಾಯ, ವಿದ್ಯುದಾಘಾತ, ಬಿದ್ದು ಪೆಟ್ಟಾದದ್ದು, ವಿಷ, ಹಾವು ಕಡಿತ, ಅನುಮಾನಾಸ್ಪದ ಸಾವು ಇವುಗಳಲ್ಲಿ ಪೊಲೀಸರಿಗೆ ತಿಳಿಸದೆ ಹೂಳಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಡಿ ಅವರು ಶವಪಂಚನಾಮೆ ನಡೆಸುತ್ತಾರೆ, ಅಂದರೆ ಸಾಕ್ಷಿಗಳ ಎದುರು ಶವದ ಸ್ಥಿತಿಯನ್ನು ಬರೆದುಕೊಳ್ಳುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 174ನೆಯ ಕಲಮಾಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆಯಿಂದಲೋ ಅನುಮಾನಾಸ್ಪದವಾಗಿಯೋ ತೀರಿಕೊಂಡರೆ ಶವವನ್ನು ಪರೀಕ್ಷೆಗೆ ಕಳಿಸಲಾಗುತ್ತದೆ, ಮ್ಯಾಜಿಸ್ಟ್ರೇಟರ ವಿಚಾರಣೆಗೂ ಅವಕಾಶವಿದೆ. ‘ಕೊರೋನರ್ ಕೋರ್ಟಿಗೆ ಹೋಗಬೇಕಾಗುತ್ತದೆ’ ಎಂದು ಹಳಬರು ಇಂದಿಗೂ ಹೆದರಿಸುವುದುಂಟು. ಅಸಹಜ ಸಾವುಗಳ ವಿಚಾರಣೆ ನಡೆಸುತ್ತಿದ್ದ ಆ ಹುದ್ದೆ ಮುಂಬೈಯಲ್ಲಿ 1999ರಲ್ಲೇ ರದ್ದಾಗಿದೆ.

ಹೂತರೆ ಮುಗಿಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮ್ಯಾಜಿಸ್ಟ್ರೇಟರು ಅಗತ್ಯವೆಂದು ಕಂಡರೆ ಹೂತ ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಬಲ್ಲರು, ಮತ್ತು ಅಪರಾಧವನ್ನು ಮುಚ್ಚಲು ಅವಸರದಲ್ಲಿ ಹೂತಿದ್ದಾರೆಂದು ಕಂಡುಬಂದರೆ ಸಾಕ್ಷ್ಯನಾಶದ ಆರೋಪವೂ ಬರುತ್ತದೆ. ಹುಟ್ಟುವ ಮೊದಲೇ ಸತ್ತ ಮಗುವಿಗೂ ನಮೂನೆ 3ರ ವರದಿ ಆಗಬೇಕು. ಯಾರಿಗೂ ತಿಳಿಯದಂತೆ ಹೂತು ಹುಟ್ಟನ್ನೇ ಮರೆಮಾಚುವುದು ಭಾರತೀಯ ನ್ಯಾಯ ಸಂಹಿತೆಯ 94ನೆಯ ಕಲಮಿನ ಪ್ರಕಾರ ಅಪರಾಧ.

ಹಂತ 3: ಕೂರಿಸಿ ಹೂಳುವುದಾದರೆ, ಮೊದಲ ಕೆಲವು ಗಂಟೆಗಳು

ಈ ವಿಷಯವನ್ನು ಯಾವ ಸರ್ಕಾರಿ ಕೈಪಿಡಿಯೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆಯೊಂದಿಗೆ ಮಣ್ಣು ಮಾಡುವುದು ಪದ್ಧತಿ. ಸತ್ತ ಎರಡರಿಂದ ಆರು ಗಂಟೆಯೊಳಗೆ ದೇಹ ಸೆಟೆದುಕೊಳ್ಳಲು ತೊಡಗುತ್ತದೆ, ಮೊದಲು ದವಡೆ ಮತ್ತು ಕುತ್ತಿಗೆ, ಆಮೇಲೆ ಕೈಕಾಲು; ಸುಮಾರು ಹನ್ನೆರಡು ಗಂಟೆಯ ಹೊತ್ತಿಗೆ ಅದು ಪೂರ್ಣವಾಗಿರುತ್ತದೆ, ಮುಂಬೈಯ ಸೆಕೆಯಲ್ಲಿ ಇನ್ನೂ ಬೇಗ. ಆದ್ದರಿಂದ ವೈದ್ಯರು ನೋಡಿ ಸಾವನ್ನು ಖಚಿತಪಡಿಸಿದ ಕೂಡಲೇ, ಗದ್ದವನ್ನು ಬಟ್ಟೆಯಿಂದ ಕಟ್ಟಿ, ಕಾಲುಗಳನ್ನು ಮಡಿಸಿ, ಬೆನ್ನಿಗೆ ಗೋಡೆಯ ಆಸರೆ ಕೊಟ್ಟು ಕೂರಿಸಬೇಕು. ಪೊಲೀಸರು ನೋಡಬೇಕಾದ ಸಾವಾಗಿದ್ದರೆ ಮಾತ್ರ ದೇಹವನ್ನು ಅಲುಗಿಸಬಾರದು.

ಆಸ್ಪತ್ರೆಯ ಶೀತಲ ಪೆಟ್ಟಿಗೆಯಲ್ಲಿ ದೇಹವನ್ನು ಉದ್ದಕ್ಕೆ ಮಲಗಿಸುತ್ತಾರೆ, ತಂಪಿನಲ್ಲಿ ಆ ಸೆಡವು ಹೆಚ್ಚು ಕಾಲ ಉಳಿಯುತ್ತದೆ. ನನ್ನ ದೊಡ್ಡಪ್ಪನವರ ವಿಷಯದಲ್ಲಿ ಹೀಗೇ ಆಯಿತು. ಬೆಂಗಳೂರಿನಿಂದ ಮಗ ಬರಲೆಂದು ಒಂದು ರಾತ್ರಿ ಅಲ್ಲಿಟ್ಟೆವು, ಬೆಳಿಗ್ಗೆ ಮೊಣಕಾಲು ಮಡಿಸಲು ಆಗಲಿಲ್ಲ, ಬಲವಂತ ಮಾಡಬೇಡಿರೆಂದು ಕ್ರಿಯೆ ನಡೆಸುವ ಅಯ್ಯನವರೇ ತಡೆದು, ಮಲಗಿಸಿಯೇ ಕ್ರಿಯೆ ಮುಗಿಸಿದರು. ಅದರಿಂದ ಏನೂ ಕೆಡಲಿಲ್ಲ. ಆದರೆ ಕೂರಿಸಲೇಬೇಕೆಂಬುದು ಮನೆಯವರ ಆಸೆಯಾಗಿದ್ದರೆ ‘ಎಲ್ಲರೂ ಬಂದ ಮೇಲೆ ನೋಡೋಣ’ ಎನ್ನುವಂತಿಲ್ಲ. ಕೂರಿಸಿದ ಮೇಲೆಯೇ ಮಂಜುಗಡ್ಡೆಯ ಏರ್ಪಾಡು ಮಾಡಿಕೊಳ್ಳಿ.

ಸ್ಮಶಾನದ ಕೆಲಸಗಾರರಿಗೂ ಮೊದಲೇ ಹೇಳಬೇಕು. ಅವರು ಅಭ್ಯಾಸಬಲದಿಂದ ಉದ್ದನೆಯ ಗುಂಡಿ ತೋಡಿಬಿಡುತ್ತಾರೆ, ಕೂರಿಸುವುದಕ್ಕೆ ಬೇಕಾದದ್ದು ಚೌಕನೆಯ, ಹೆಚ್ಚು ಆಳದ ಗುಂಡಿ. ಊರಿನ ಗಟ್ಟಿ ನೆಲದಲ್ಲಿ ಗುಂಡಿಯ ಪಕ್ಕಕ್ಕೆ ಗವಿ ಕೊರೆದು ಅದರೊಳಗೆ ಕೂರಿಸುವುದುಂಟು. ಮುಂಬೈಯ ಭರ್ತಿ ಮಣ್ಣಿನಲ್ಲಿ, ಅದರಲ್ಲೂ ಆಷಾಢದ ಮಳೆಯಲ್ಲಿ, ಆ ಗವಿ ನಿಲ್ಲದೆ ಕುಸಿಯುತ್ತದೆ, ಗುಂಡಿಯೊಳಗೆ ನೀರೂ ಒಸರುತ್ತದೆ. ಮಳೆಗಾಲದಲ್ಲಿ ಗವಿಯ ಹಟ ಬಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಂತ 4: ಎಲ್ಲಿ ಹೂಳಬಹುದು, ಎಲ್ಲಿ ಕೂಡದು

ಬೃಹನ್ಮುಂಬಯಿಯಲ್ಲಿ ಈ ವಿಷಯವನ್ನು ಇಂದಿಗೂ ಆಳುವುದು 1888ರ ಮುಂಬೈ ಮಹಾನಗರ ಪಾಲಿಕೆ ಕಾಯ್ದೆ. ಪಾಲಿಕೆಯಲ್ಲಿ ನೋಂದಣಿಯಾದ ಜಾಗದಲ್ಲಿ ಮಾತ್ರ ಶವ ಹೂಳಬಹುದು. ಸ್ವಂತ ಬಂಗಲೆಯ ಅಂಗಳ, ಮಠದ ಆವರಣ, ದೇವಸ್ಥಾನದ ಹಿತ್ತಲು, ಮುಚ್ಚಿದ ಸ್ಮಶಾನ, ಇವೆಲ್ಲಕ್ಕೂ ಆಯುಕ್ತರ ಲಿಖಿತ ಅನುಮತಿ ಬೇಕು. ಡೊಂಬಿವಲಿ, ಠಾಣೆ, ನವಿ ಮುಂಬೈಗಳಲ್ಲಿರುವವರು ಬೇರೆ ಪಾಲಿಕೆಗಳಿಗೆ ಸೇರಿದವರು, ಅಲ್ಲಿ ನಡೆಯುವುದು 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆಗಳ ಕಾಯ್ದೆ. ಆದರೂ ಕೇಳದೆ ಗುಂಡಿ ತೋಡಬಾರದೆಂಬುದು ಅಲ್ಲಿಗೂ ಅನ್ವಯಿಸುತ್ತದೆ.

ಎಲ್ಲ ಹಿಂದೂ ಸ್ಮಶಾನಗಳಲ್ಲೂ ಹೂಳುವ ಜಾಗವಿರುವುದಿಲ್ಲ, ಇದ್ದರೂ ಕೆಲವೆಡೆ ಚಿಕ್ಕ ಮಕ್ಕಳಿಗಷ್ಟೇ. ನಿಮ್ಮ ವಾರ್ಡಿನ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಜಾಗದ ಅಭಾವದಿಂದ ಕೆಲವು ವರ್ಷಗಳ ನಂತರ ಅದೇ ಗುಂಡಿಯನ್ನು ಇನ್ನೊಬ್ಬರಿಗೆ ಬಳಸುವುದು ಈ ನಗರದಲ್ಲಿ ವಾಡಿಕೆ, ಆದ್ದರಿಂದ ಊರಿನಂತೆ ಗದ್ದುಗೆ ಕಟ್ಟಿಸುವ ಮಾತನ್ನು ಅನುಮತಿ ಇಲ್ಲದೆ ಬಂಧುಗಳಿಗೆ ಕೊಡಬೇಡಿ.

ನೆರೆಹೊರೆಯವರು ತಡೆದರೆ? 2020ರ ಮೇ ತಿಂಗಳಲ್ಲಿ ಕೋವಿಡ್ ಶವಗಳನ್ನು ಬಾಂದ್ರಾದ ಕಬ್ರಸ್ತಾನದಲ್ಲಿ ಹೂಳುವುದನ್ನು ವಿರೋಧಿಸಿದ್ದ ಅರ್ಜಿಯನ್ನು ಬಾಂಬೆ ಹೈಕೋರ್ಟ್ ತಳ್ಳಿಹಾಕಿ, ಗೌರವಯುತ ಅಂತ್ಯಸಂಸ್ಕಾರವೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಸೇರಿದೆಯೆಂದು ಹೇಳಿತು. ಆದರೆ ಇಂಥದ್ದೇ ಜಾಗ ಬೇಕೆಂಬ ಹಟಕ್ಕೆ ಅದು ಆಧಾರವಾಗುವುದಿಲ್ಲ. ಛತ್ತೀಸಗಢದ ಕ್ರೈಸ್ತ ಪಾದ್ರಿಯೊಬ್ಬರ ಶವ ಹಳ್ಳಿಯವರ ವಿರೋಧದಿಂದ ಸುಮಾರು ಮೂರು ವಾರ ಶವಾಗಾರದಲ್ಲೇ ಉಳಿದಾಗ, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಜನವರಿ 27ರಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಕುಟುಂಬದ ಸ್ವಂತ ಹೊಲದಲ್ಲೇ ಹೂಳಬಹುದೆಂದರು, ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು ಗೊತ್ತುಪಡಿಸಿದ ಸ್ಮಶಾನದಲ್ಲೇ ಆಗಬೇಕೆಂದರು. ಒಮ್ಮತ ಮೂಡದಿದ್ದರೂ ಶವವನ್ನು ಇನ್ನಷ್ಟು ಕಾಯಿಸಬಾರದೆಂದು, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಇಬ್ಬರೂ ಸೇರಿ ಆದೇಶಿಸಿದರು. ಊರಿನ ನಮ್ಮ ಹೊಲದಲ್ಲಿ ಹೂಳಲು ಯಾರನ್ನು ಕೇಳಬೇಕು ಎನ್ನುವವರು ಇದನ್ನು ಗಮನದಲ್ಲಿಡಬೇಕು. ಹೊರಡುವ ಮುನ್ನವೇ ಗ್ರಾಮ ಪಂಚಾಯಿತಿಗೆ, ಪಟ್ಟಣದ ವ್ಯಾಪ್ತಿಯಾಗಿದ್ದರೆ ನಗರಸಭೆಗೆ, ಫೋನು ಮಾಡಿಸಿ. ಹೊಲದಲ್ಲಿ ಪಾಲುದಾರರಿದ್ದರೆ ಅವರ ಒಪ್ಪಿಗೆಯನ್ನೂ ಪಡೆಯಿರಿ. ದಾಯಾದಿ ಜಗಳಕ್ಕೆ ಸಮಾಧಿಗಿಂತ ಗಟ್ಟಿಯಾದ ಗಡಿಕಲ್ಲು ಇನ್ನೊಂದಿಲ್ಲ.

ಹಂತ 5: ಊರಿಗೆ ಒಯ್ಯುವುದು

ಧಾರವಾಡದ ಒಗಟು ಇಲ್ಲಿ ನಿಜವಾದ ಪ್ರಶ್ನೆಯಾಗುತ್ತದೆ. ಮುಂಬೈಯಲ್ಲಿ ತೀರಿಕೊಂಡವರನ್ನು ಧಾರವಾಡದಲ್ಲಿ ಹೂಳಲು ಕಾನೂನಿನ ಅಡ್ಡಿಯಿಲ್ಲ. ಹೆಚ್ಚಿನವರು ರಸ್ತೆಯಲ್ಲೇ, ಶೀತಲ ಪೆಟ್ಟಿಗೆಯಿರುವ ಶವವಾಹನದಲ್ಲಿ ಒಯ್ಯುತ್ತಾರೆ. ವೈದ್ಯರ ಕಾಗದದ ಪ್ರತಿಗಳು, ಮೃತರ ಮತ್ತು ಜೊತೆಯಲ್ಲಿ ಹೋಗುವವರ ಆಧಾರ್, ಸ್ಥಳೀಯ ಪೊಲೀಸ್ ಠಾಣೆಯಿಂದ ಪಡೆದ ಆಕ್ಷೇಪಣೆ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ, ಇಷ್ಟು ಕೈಯಲ್ಲಿರಲಿ. ವಿಮಾನದಲ್ಲಾದರೆ ಇವುಗಳ ಜೊತೆಗೆ ಶವ ಕೆಡದಂತೆ ಔಷಧ ಹಾಯಿಸಿದ ಪ್ರಮಾಣಪತ್ರವೂ ಮೊಹರು ಮಾಡಿದ ಪೆಟ್ಟಿಗೆಯೂ ಬೇಕು. ಮಾಡಿದವನು ಮಾರುತ್ತಾನೆ, ಕೊಂಡವನು ಬಳಸುವುದಿಲ್ಲ, ಬಳಸಿದವನಿಗೆ ಗೊತ್ತೇ ಆಗುವುದಿಲ್ಲ ಎಂಬ ಒಗಟಿನ ಪೆಟ್ಟಿಗೆ ಅದು. ಅದರಲ್ಲಿ ಮಲಗಿಸಿಯೇ ಒಯ್ಯಬೇಕಾದ್ದರಿಂದ ಕೂರಿಸುವ ಆಸೆಯನ್ನು ಬಿಡಬೇಕಾಗುತ್ತದೆ.

ಹಂತ 6: ನೋಂದಣಿ, 21 ದಿನದೊಳಗೆ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿಯಾಗಬೇಕು. ವಾಸವಿದ್ದ ಜಾಗದಲ್ಲೂ ಅಲ್ಲ, ಹೂತ ಜಾಗದಲ್ಲೂ ಅಲ್ಲ. ಡೊಂಬಿವಲಿಯ ನಿವಾಸಿ ಪರಳದ ಕೆಇಎಂ ಆಸ್ಪತ್ರೆಯಲ್ಲಿ ತೀರಿಕೊಂಡು, ಗದಗದ ಹೊಲದಲ್ಲಿ ಮಣ್ಣಾದರೆ, ನೋಂದಣಿ ಆಗಬೇಕಾದದ್ದು ಬೃಹನ್ಮುಂಬಯಿ ಪಾಲಿಕೆಯಲ್ಲಿ. ಕಲ್ಯಾಣ ಡೊಂಬಿವಲಿ ಪಾಲಿಕೆಗೆ ಅದನ್ನು ಬರೆಯುವ ಅಧಿಕಾರವಿಲ್ಲ, ಗದಗಿನ ಪಂಚಾಯಿತಿಗೂ ಇಲ್ಲ. ಬಸ್ಸಿನ ಒಗಟಿಗೆ ಹತ್ತಿರದ ಉತ್ತರವೂ ಕಾನೂನಿನಲ್ಲಿದೆ: ಚಲಿಸುವ ವಾಹನದಲ್ಲಿ ಸಾವಾದರೆ, ವಾಹನದ ಹೊಣೆ ಹೊತ್ತವರು ಅದು ಮೊದಲು ನಿಲ್ಲುವ ಜಾಗದಲ್ಲಿ ಮಾಹಿತಿ ನೀಡಬೇಕು.

ಆಸ್ಪತ್ರೆಯಲ್ಲಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. ಬಳಸುವ ಅರ್ಜಿ ನಮೂನೆ 2. ಮುಂಬೈಯ ಸ್ಮಶಾನದಲ್ಲೇ ಹೂತರೆ ಅಲ್ಲಿನ ಗುಮಾಸ್ತರು ವೈದ್ಯರ ಕಾಗದ ಪಡೆದು ವಾರ್ಡಿಗೆ ಕಳಿಸುವುದರಿಂದ ಕೆಲಸ ಅರ್ಧ ಮುಗಿದಂತೆ. ಮನೆಯಿಂದ ನೇರವಾಗಿ ಊರಿಗೆ ಒಯ್ದಾಗ ಆ ಕೊಂಡಿ ತಪ್ಪುತ್ತದೆ. ಊರಿನಲ್ಲಿ ಕ್ರಿಯೆಕರ್ಮ ಮುಗಿಸಿ, ಬಂದವರನ್ನು ಕಳಿಸಿ, ಮುಂಬೈಗೆ ಮರಳುವಷ್ಟರಲ್ಲಿ 21 ದಿನ ಕಳೆದಿರುತ್ತವೆ. ಆದ್ದರಿಂದ ಒಬ್ಬರನ್ನು ಇಲ್ಲೇ ಉಳಿಸಿ, ಅಥವಾ ವಾಹನ ಹೊರಡುವ ಮೊದಲು ವಾರ್ಡ್ ಕಚೇರಿಯಲ್ಲಿ ಕಾಗದ ಒಪ್ಪಿಸಿ ಸ್ವೀಕೃತಿ ಪಡೆಯಿರಿ.

ತಡವಾದರೆ ದಾರಿ ಮುಚ್ಚುವುದಿಲ್ಲ, ಉದ್ದವಾಗುತ್ತದೆ. 21ರಿಂದ 30 ದಿನದವರೆಗೆ ತಡಶುಲ್ಕ ಕೊಟ್ಟರೆ ಸಾಕು. ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಇಲ್ಲವೇ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ. ಇಲ್ಲಿನ ಅರ್ಜಿಗಳಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮನೆಗಳಿರುತ್ತವೆ. ಕಾಗದದಲ್ಲಿ ಬಸವಣ್ಣೆಪ್ಪ, ಮನೆಯಲ್ಲಿ ಬಸಪ್ಪ, ಬ್ಯಾಂಕಿನಲ್ಲಿ ಇನಿಷಿಯಲ್ ಸಹಿತ ಬಿ. ಎಸ್. ಎಂದಿರುವ ಹಿರಿಯರ ಹೆಸರನ್ನು ಮರಾಠಿ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಳ್ಳುತ್ತಾರೆ. ‘ವ್ವ’ ಎಂದು ಮುಗಿಯುವ ನಮ್ಮ ಹೆಣ್ಣುಮಕ್ಕಳ ಹೆಸರುಗಳಿಗೆ ಆಗುವ ಗತಿ ನೋಡಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಬಾಯಲ್ಲಿ ಹೇಳದೆ ಆಧಾರ್ ಕಾರ್ಡನ್ನೇ ಎದುರಿಗಿಟ್ಟು, ಅಕ್ಷರ ಅಕ್ಷರ ಓದಿ, ಆಮೇಲೆ ಸಹಿ ಮಾಡಿ. ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಡಿ ತಿದ್ದುಪಡಿ ಸಾಧ್ಯವಾದರೂ ಅದಕ್ಕೆ ಅಲೆಯಬೇಕಾದ ಅಲೆದಾಟ ಮೊದಲಿನದಕ್ಕಿಂತ ಹೆಚ್ಚು.

ಹಂತ 7: ಆಮೇಲೆ ಬರುವ ಪ್ರಶ್ನೆಗಳು

ಈಗ ಮುಂಬೈಯಲ್ಲಿ ಹೂತು, ಮುಂದೆ ಅಸ್ಥಿಯನ್ನು ಊರಿಗೆ ಒಯ್ಯಬಹುದೇ? ಸುಲಭವಲ್ಲ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದಿದ್ದರೆ ಪಾಲಿಕೆಯ ಲಿಖಿತ ಅನುಮತಿ ಬೇಕು. ಒಮ್ಮೆ ಹೂತ ಶವ ಕಾನೂನಿನ ಸುಪರ್ದಿನಲ್ಲಿರುತ್ತದೆ, ಬಂಧುಗಳು ಕೇಳಿದ ಮಾತ್ರಕ್ಕೆ ಹೊರತೆಗೆಯಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 12ರಂದು ಜಮ್ಮು ಕಾಶ್ಮೀರದ ಪ್ರಕರಣವೊಂದರಲ್ಲಿ ಹೇಳಿದೆ. ಅನುಮತಿಯಿಲ್ಲದೆ ಅಗೆದು ಸಮಾಧಿಗೆ ಅಗೌರವ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 301ನೆಯ ಕಲಮು ಎದುರಾಗಬಹುದು, ಒಂದು ವರ್ಷದವರೆಗೆ ಶಿಕ್ಷೆಯುಂಟು. ಊರೋ ಮುಂಬೈಯೋ ಎಂಬುದನ್ನು ಒಂದೇ ಸಲ ತೀರ್ಮಾನಿಸಿ.

ವಿಧವೆಯ ತಂಗಿಯ ಒಗಟನ್ನು ನಕ್ಕು ಬಿಟ್ಟವರು ಅದನ್ನು ತಿರುಗಿಸಿ ಕೇಳುವುದುಂಟು. ತೀರಿಕೊಂಡ ಹೆಂಡತಿಯ ತಂಗಿಯನ್ನು ಮದುವೆಯಾಗಲು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನಿಷೇಧವಿಲ್ಲ. ಆದರೆ ವಿಧವೆ ತನ್ನ ಮೈದುನನನ್ನು ಮದುವೆಯಾಗುವುದು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿದೆ, ಇಬ್ಬರ ಕಡೆಯೂ ಅದಕ್ಕೆ ಅವಕಾಶ ಕೊಡುವ ರೂಢಿ ಇದ್ದರೆ ಮಾತ್ರ ಸಿಂಧು.

ಕೊನೆಯ ಪ್ರಶ್ನೆ: ಎಲ್ಲಿ, ಹೇಗೆ ಹೂಳಬೇಕೆಂದು ಮೊದಲೇ ಬರೆದಿಡಬಹುದೇ? ಬರೆದಿಡಿ, ಆದರೆ ಉಯಿಲಿನಲ್ಲಿ ಮಾತ್ರ ಬರೆಯಬೇಡಿ. ಉಯಿಲನ್ನು ಮನೆಯವರು ತೆರೆಯುವುದು ಹನ್ನೊಂದನೆಯ ದಿನದ ಆಚೆಗೆ, ಅಷ್ಟರಲ್ಲಿ ಮಣ್ಣಾಗಿರುತ್ತದೆ. ಒಂದು ಹಾಳೆಯಲ್ಲಿ ಊರು, ಹೊಲದ ಸರ್ವೆ ನಂಬರು, ಕರೆಸಬೇಕಾದ ಅಯ್ಯನವರು, ಕೂರಿಸುವುದೋ ಮಲಗಿಸುವುದೋ, ಕಣ್ಣುದಾನ ಉಂಟೋ ಇಲ್ಲವೋ, ಆಧಾರಿನಲ್ಲಿರುವಂತೆ ಪೂರ್ತಿ ಹೆಸರು, ಇಷ್ಟನ್ನು ಕನ್ನಡದಲ್ಲೂ, ಊರಿನ ಬಂಧುಗಳಿಗಿಂತ ಬೇಗ ಬರುವ ಪಕ್ಕದ ಮನೆಯವರಿಗಾಗಿ ಮರಾಠಿಯಲ್ಲೂ ಬರೆದು ಸಹಿ ಮಾಡಿ, ಬೀರುವಿನ ಲಾಕರಿನಲ್ಲಿ ಬೀಗ ಹಾಕಿಡದೆ, ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು ಇಡುವ ಡಬ್ಬದಲ್ಲೇ ಇಡಿ.